ಸೋದರತ್ತೆಯ ದನಿಗೆ ಬೀಗ

"ಇವತ್ತಿನಿಂದ ನನ್ನ ಫೋನಿನ ಒಳಗೆ ನನ್ನ ಅಪ್ಪಣೆ ಇಲ್ಲದೆ ಒಂದು ನೊಣ ಕೂಡ ನುಗ್ಗೋ ಹಾಗಿಲ್ಲ! ಪಾದ್ರಿಗಳೇ ಬರಲಿ, ಪೊಲೀಸರೇ ಬರಲಿ, ಮೊದಲು ಈ ಬೆರಳಿಗೆ ನಮಸ್ಕಾರ ಹಾಕಬೇಕು!"

ಹೀಗೆಂದು ವಿಟಾಲಿಸ್ ಕಿಹ್ವೇಲೆ ತನ್ನ ಬಲಗೈಯ ತೋರುಬೆರಳನ್ನು ಇರಿಂಗಾ ಪೇಟೆಯ ಆಕಾಶಕ್ಕೆ ಎತ್ತಿ ಹಿಡಿದ. ಸೋಮವಾರ, ಬೆಳಿಗ್ಗೆ ಏಳೂವರೆ. ಮಾರುಕಟ್ಟೆಯ ಹಿಂದಿನ ಬೀದಿಯ ಸಾಲು ಅಂಗಡಿಗಳ ಮುಂದೆ ಉದ್ದನೆಯ ಜಗುಲಿ. ಅದರ ಒಂದು ಮೂಲೆಯಲ್ಲಿ ಮೂವತ್ತು ವರ್ಷದಿಂದ ಅವನ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಈ ಘೋಷಣೆಯನ್ನು ಕೇಳಿದ ಪುಣ್ಯವಂತರು ಮೂವರು: ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಯುಫ್ರಾಸಿಯ, ಶಾಲೆಗೆ ಹೊರಟು ನಿಂತಿದ್ದ ಮಗಳು ಸ್ಕೋಲಾ, ಪಕ್ಕದಲ್ಲೇ ಚಪ್ಪಲಿ ಹೊಲಿಯುವ ಓಸ್ಮುಂಡ್ ಕೊಂಬಾ. ಮೂವರೂ ಬೆರಳನ್ನು ನೋಡಿದರು. ಯಾರೂ ನಮಸ್ಕಾರ ಹಾಕಲಿಲ್ಲ.

"ಬೆರಳು ತೊಳ್ಕೊಂಡಿದ್ದೀಯೇನೋ? ನಾಯಿ ಮಾಂಸದ ವಾಸನೆ ಇಲ್ಲೀವರೆಗೆ ಹೊಡೀತಾ ಇದೆ" ಎಂದ ಓಸ್ಮುಂಡ್.

"ಓಡಿಹೋದೋರ ಮೊಮ್ಮಗನಿಗೆ ಮೂಗು ಮಾತ್ರ ಚುರುಕು!" ಎಂದ ವಿಟಾಲಿಸ್.

ಇವರು ಹೀಗೆ ಮಾತಾಡಬಹುದು. ವಿಟಾಲಿಸ್ ಹೇಹೆ ಕುಲದವನು, ಓಸ್ಮುಂಡ್ ಅಂಗೋನಿ; ಹೇಹೆಗಳು ನಾಯಿ ತಿನ್ನುವವರು, ಅಂಗೋನಿಗಳು ಯುದ್ಧದಿಂದ ಓಡಿಹೋದವರು ಎಂಬುದು ಅವರವರ ಹಳೇ ಬೈಗುಳ. ಈ ಎರಡು ಕುಲದ ಮುತ್ತಜ್ಜಂದಿರು ಈಟಿ ಹಿಡಿದು ಬಡಿದಾಡಿ, ಸುಸ್ತಾಗಿ, ಇನ್ನು ಮುಂದೆ ಬಾಯಲ್ಲೇ ಬಡಿದಾಡೋಣ ಎಂದುಕೊಂಡರು. ಅಂದಿನಿಂದ ಒಬ್ಬರಿಗೊಬ್ಬರು ಮ್ತಾನಿಗಳು. ಮ್ತಾನಿ ಏನು ಬೇಕಾದರೂ ಅನ್ನಬಹುದು, ನಿಮ್ಮ ಸಾಮಾನನ್ನು ಹೇಳದೆ ಕೇಳದೆ ಎತ್ತಿಕೊಳ್ಳಬಹುದು, ಸಿಟ್ಟಾದವನೇ ಸೋತವನು. ಸಾವಿನ ಮನೆಯಲ್ಲಂತೂ ಅವನದೇ ಯಜಮಾನಿಕೆ. ಗುಂಡಿ ತೋಡುವವನೂ ಅವನೇ, ಸತ್ತವರ ಬಟ್ಟೆ ತೊಟ್ಟು ಸತ್ತವರ ದನಿಯಲ್ಲೇ ಬೈದು ಅಳುವವರನ್ನು ನಗಿಸುವವನೂ ಅವನೇ. ಓಸ್ಮುಂಡ್ ಈ ಹಕ್ಕನ್ನು ಧಾರಾಳವಾಗಿ ಬಳಸುತ್ತಿದ್ದ. ತಿಂಗಳಿಗೊಂದು ಸಲವಾದರೂ ಕಿಹ್ವೇಲೆ ವಂಶದಲ್ಲಿ ಯಾರನ್ನಾದರೂ ಸಾಯಿಸುತ್ತಿದ್ದ. ಕಳೆದ ಈಸ್ಟರಿನಲ್ಲಿ ವಿಟಾಲಿಸನನ್ನೇ ಸಾಯಿಸಿದ್ದ. ಮೂವರು ಗಿರಾಕಿಗಳು ಅರ್ಧ ಹೊಲಿದ ಪ್ಯಾಂಟು ವಾಪಸು ಕೇಳಲು ಬಂದಿದ್ದರು. ಒಬ್ಬನಂತೂ ಅಳುತ್ತಿದ್ದ, ಪ್ಯಾಂಟಿಗಾಗಿ.

ಇಂಥವನ ಪಕ್ಕದಲ್ಲಿ ಮೂವತ್ತು ವರ್ಷ ಕೂತವನಿಗೆ ಈಗ ಬೀಗದ ಯೋಚನೆ ಬಂದದ್ದೇಕೆ? ಕಾರಣ ಸೋದರತ್ತೆ ಪಸ್ಕಾಲಿಯಾ.

ಅವಳಿದ್ದದ್ದು ಕಿಲೋಲೋ ಬೆಟ್ಟದ ಕಡೆಯ ಕಿಪೆಂಬೆ ಹಳ್ಳಿಯಲ್ಲಿ. ವಯಸ್ಸು ಎಪ್ಪತ್ತೆಂಟು. ವಿಟಾಲಿಸನ ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ಸಾಕಿದವಳು ಈ ಅತ್ತೆ. ಐದನೆಯ ವಯಸ್ಸಿನಲ್ಲಿ ಅವನು ಉಗಾಲಿ ಮುದ್ದೆ ಬೇಯಿಸಿದ ಪಾತ್ರೆಯ ತಳಕ್ಕೆ ಹತ್ತಿದ ಸೀಕಲನ್ನು ನೆಕ್ಕಲು ಹೋಗಿ ತಲೆಯನ್ನೇ ಪಾತ್ರೆಯೊಳಗೆ ಸಿಕ್ಕಿಸಿಕೊಂಡಿದ್ದ. ಪಾತ್ರೆ ಹೊತ್ತ ಹುಡುಗನನ್ನು ಅತ್ತೆ ಹೆಗಲ ಮೇಲೆ ಕೂರಿಸಿಕೊಂಡು ಎರಡು ಹಳ್ಳಿ ದಾಟಿ ಕಮ್ಮಾರನ ಹತ್ತಿರ ಹೋದಳು. ದಾರಿಯುದ್ದಕ್ಕೂ ಜನ. ಆ ಸೀಕಲಿಗೆ ಅಲ್ಲಿಯವರು ಉಕೊಕೊ ಎನ್ನುತ್ತಾರೆ. ಅಂದಿನಿಂದ ಅತ್ತೆಯ ಬಾಯಲ್ಲಿ ಅವನ ಹೆಸರೇ ಉಕೊಕೊ.

ಕಳೆದ ವರ್ಷ ಯಾರೋ ಪುಣ್ಯಾತ್ಮರು ಅತ್ತೆಗೆ ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಕಲಿಸಿಬಿಟ್ಟರು. ದಿನಾ ಬೆಳಿಗ್ಗೆ ಒಂದು ಸಂದೇಶ ತಪ್ಪುತ್ತಿರಲಿಲ್ಲ. ಅಂಗಡಿಗೆ, ಮನೆಗೆ ಇದ್ದದ್ದು ಒಂದೇ ಫೋನು. ಹಗಲೆಲ್ಲ ಹೊಲಿಗೆ ಯಂತ್ರದ ಮೇಲೆ ಬಿದ್ದಿರುತ್ತಿತ್ತು. ಓಸ್ಮುಂಡನದು ಗುಂಡಿಯೊತ್ತುವ ಹಳೇ ಫೋನಾದ್ದರಿಂದ, ಮ್ತಾನಿಯ ಹಕ್ಕಿನಿಂದ ಅವನು ಇದನ್ನೆತ್ತಿಕೊಂಡು ಇಡೀ ಜಗುಲಿಗೆ ಕೇಳುವಂತೆ ಹಾಕುತ್ತಿದ್ದ.

"ಉಕೊಕೊ! ನನ್ನ ಉಕೊಕೊ! ಇವತ್ತು ಹೊಟ್ಟೆ ಸಲೀಸಾಗಿ ಹೋಯ್ತಾ ಮಗಾ? ಪಪ್ಪಾಯಿ ತಿನ್ನು ಅಂದಿದ್ದೆ, ತಿಂದ್ಯಾ? ಪಾತ್ರೆಯೊಳಗೆ ತಲೆ ಹಾಕಬೇಡ!"

ಜಗುಲಿ ಬಿದ್ದು ಬಿದ್ದು ನಗುತ್ತಿತ್ತು. ಅದೂ ಸಾಲದೆಂದು ಓಸ್ಮುಂಡ್ ಫೋನನ್ನು ಜನರ ಮುಂದೆ ಹಿಡಿದು ಆ ನಗುವನ್ನು ರೆಕಾರ್ಡ್ ಮಾಡಿ ಅತ್ತೆಗೇ ಕಳಿಸುತ್ತಿದ್ದ. ಮಾರನೆಯ ದಿನ ಅತ್ತೆ ಇನ್ನೂ ಹುರುಪಿನಿಂದ ಅವನ ಮಾನ ಹರಾಜು ಹಾಕುತ್ತಿದ್ದಳು.

ಆ ಶನಿವಾರ ಕಾನ್ವೆಂಟಿನ ಸಿಸ್ಟರ್ ಹನ್ನೆರಡು ಗಾಯಕಿಯರ ನಿಲುವಂಗಿ ಹೊಲಿಸಲು ಬಂದಿದ್ದರು. ವಿಟಾಲಿಸ್ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಬಿಷಪ್ಪರಂತೆ ಗಂಭೀರವಾಗಿ ನಿಂತಿದ್ದ. ಆಗಲೇ ಓಸ್ಮುಂಡ್ ಸಂದೇಶ ಹಾಕಿದ. ಸಿಸ್ಟರ್ ಕಣ್ಣು ಕೆಳಗೆ ಮಾಡಿ, ತುಟಿ ಕಚ್ಚಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದರು:

"ಮತ್ತೆ, ಉಕೊಕೊ ಅವರೇ... ಅಳತೆ ತಗೊಳ್ತೀರಾ?"

ಅವತ್ತೇ ಶಪಥ ಹುಟ್ಟಿತು. ಭಾನುವಾರ ಪೂಜೆ ಮುಗಿಸಿ ಬಂದವನೇ ಮಗಳಿಂದ ಬೀಗದ ಆ್ಯಪ್ ಹಾಕಿಸಿದ. ಮೊದಲು ವಾಟ್ಸಾಪಿಗೆ ಬೀಗ. ಆಹಾ, ಆ ಸುಖ! ಕರೆಗಳಿಗೂ ಬೀಗ; ಬಂದ ಕರೆ ಯಾರದೆಂದು ಕಾಣಬೇಕಾದರೂ ಬೆರಳು ಒತ್ತಬೇಕು. ಫೋಟೋಗಳಿಗೆ ಬೀಗ. ಕೈ ತಡೆಯಲಿಲ್ಲ, ಕ್ಯಾಲ್ಕುಲೇಟರಿಗೆ, ಗಡಿಯಾರಕ್ಕೆ, ಟಾರ್ಚಿಗೆ ಬೀಗ!

"ಟಾರ್ಚಿನೊಳಗೆ ಏನು ಗುಟ್ಟಿದೆ ರೀ?" ಎಂದು ಯುಫ್ರಾಸಿಯ ಕೇಳಿದಳು.

"ಬೆಳಕು ಇದೆ. ಅದು ನನ್ನದು."

"ಅಪ್ಪಾ, ಬೆರಳು ಕೆಲಸ ಮಾಡದಿದ್ರೆ ಬೇಕಾಗುತ್ತೆ, ಚುಕ್ಕಿ ಸೇರಿಸಿ ಒಂದು ಗೆರೆ ಹಾಕು ಅಂತಿದೆ" ಎಂದಳು ಸ್ಕೋಲಾ.

"ನನ್ನ ಬೆರಳು ನನ್ನ ಜೊತೇಲೇ ಇರುತ್ತೆ! ಅದೇನು ಊರಿಗೆ ಹೋಗುತ್ತಾ?" ಎಂದು ವಿಟಾಲಿಸ್ ಅಂಗಿಯ ಕಾಲರಿನ ಆಕಾರದಲ್ಲಿ ಒಂದು ಗೆರೆಯನ್ನು ಚಕಚಕನೆ ಎಳೆದು ಮುಗಿಸಿದ. ಜೀವನದಲ್ಲಿ ಸಾವಿರಾರು ಕಾಲರು ಕತ್ತರಿಸಿದವನು. ಎಳೆದದ್ದು ಯಾವ ಕಾಲರೆಂದು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮೂರು ದಿನ ರಾಜ್ಯಭಾರ ಜೋರಾಗಿ ನಡೆಯಿತು. ಭಕ್ತಿಗೀತೆ ಕೇಳಬೇಕಾದರೆ ಯುಫ್ರಾಸಿಯ "ಸ್ವಲ್ಪ ಬೆರಳು ಕೊಡ್ತೀರಾ?" ಎಂದು ಬರಬೇಕು. ಇವನು ಕತ್ತರಿ ಕೆಳಗಿಟ್ಟು, ಎದ್ದು ಬಂದು, ಕಾಗದಕ್ಕೆ ಮುದ್ರೆ ಒತ್ತುವ ಅಧಿಕಾರಿಯಂತೆ ಬೆರಳು ಒತ್ತಬೇಕು. ಅತ್ತೆಯ ಸಂದೇಶಗಳನ್ನು ಅಂಗಡಿಯ ಹಿಂದೆ ಹೋಗಿ ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ಉತ್ತರ ಕಳಿಸಲಿಲ್ಲ. ಓಸ್ಮುಂಡ್ ಎರಡು ಸಲ ಫೋನು ಎತ್ತಿಕೊಂಡು, ಬೀಗದ ಚಿತ್ರ ನೋಡಿ, ಕೆಳಗಿಟ್ಟ.

"ಅತ್ತೆ ಏನಂದ್ಲೋ?"

"ಅದು ಖಾಸಗಿ!"

ಗುರುವಾರ ಬೆರಳು ಊರಿಗೆ ಹೋಯಿತು. ಸಿಸ್ಟರ್ ಅವರ ನಿಲುವಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಮುಚ್ಚಳ ಜಾರಿತು. ಹಿಡಿಯಲು ಹೋದವನ ತೋರುಬೆರಳು ಕೆಂಡಕ್ಕೆ ತಗುಲಿತು. ಚುರ್ ಎಂದಿತು. ಅರ್ಧ ಗಂಟೆಯಲ್ಲಿ ಬೆರಳ ತುದಿಯಲ್ಲಿ ನೆಲಗಡಲೆ ಗಾತ್ರದ ಗುಳ್ಳೆ. ಫೋನಿನ ಮೇಲೆ ಒತ್ತಿದ: 'ನೀವು ಯಾರೋ ಗೊತ್ತಿಲ್ಲ' ಎಂಬಂತೆ ಅದು ಗುರ್ ಎಂದು ನಡುಗಿತು. ಗೆರೆ ಎಳೆಯೋಣ ಎಂದರೆ ಯಾವ ಕಾಲರು? ನಿಂತ ಕಾಲರು ಎಳೆದ, ಮಡಿಸಿದ ಕಾಲರು ಎಳೆದ, ಪಾದ್ರಿಗಳ ಕಾಲರು ಎಳೆದ, ಶಾಲೆ ಹುಡುಗಿಯರ ದುಂಡನೆಯ ಕಾಲರು ಎಳೆದ. ಎಲ್ಲವೂ ತಪ್ಪು! ಮೂವತ್ತು ವರ್ಷದ ಕಸುಬನ್ನು ಒಂದು ಗಾಜಿನ ಚೂರು ಹೀಗೆ ತಿರಸ್ಕರಿಸಿದ್ದಕ್ಕೆ ಅವನಿಗೆ ತುಂಬ ನೋವಾಯಿತು. ಗುಟ್ಟಾಗಿ ಫೋನು ರಿಪೇರಿ ಅಂಗಡಿಗೆ ಹೋದ. "ತೆಗೀಬಹುದು ಮೇಸ್ತ್ರಿ, ಆದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ" ಎಂದರು. ಅತ್ತೆಯ ದನಿಯೂ ಹೋಗುತ್ತದೆ. ಬೇಡವೆಂದು ಎದ್ದು ಬಂದ.

ಇಲ್ಲಿ ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. 'ಬೆರಳು ಸುಟ್ಟಿತು, ಬೀಗ ತೆರೆಯುತ್ತಿಲ್ಲ.' ನಾಲ್ಕೇ ಪದ, ನಾಲ್ಕು ದಿನದ ನಗು. ಆದರೆ ಆಕಾಶಕ್ಕೆ ಎತ್ತಿ ಹಿಡಿದಿದ್ದ ಬೆರಳದು! ಅದನ್ನು ಕೆಳಗಿಳಿಸುವುದು ಹೇಗೆ? ಗುಳ್ಳೆ ಆರಲಿ, ನೋಡೋಣ ಎಂದುಕೊಂಡ. ಬೆರಳಿಗೆ ಬಟ್ಟೆ ಸುತ್ತಿ, ಸೂಜಿ ಚುಚ್ಚಿತು ಎಂದ. ಮುಸ್ಸಂಜೆ ಕರೆಂಟು ಹೋಗಿ ಹೆಂಡತಿ ಟಾರ್ಚು ಕೇಳಿದರೆ "ಇವತ್ತು ಟಾರ್ಚಿಗೆ ರಜೆ. ಶಿಸ್ತು ಅಂತ ಒಂದಿರಬೇಕು ಮನೇಲಿ" ಎಂದ. ಕರೆ ಬಂದರೆ ಫೋನನ್ನು ಬಟ್ಟೆಯ ರಾಶಿಯ ಕೆಳಗೆ ತಳ್ಳುತ್ತಿದ್ದ. "ಗಿರಾಕಿಗಳು, ಕಾಯಲಿ." ಯಾವ ಸಂಶಯವೂ ಬರಬಾರದೆಂದು ದಿನಾ ಬೆಳಿಗ್ಗೆ ಅಂಗಡಿಯ ಹಿಂದೆ ಹೋಗಿ, ಮೂಕ ಫೋನನ್ನು ಕಿವಿಗಿಟ್ಟುಕೊಂಡು, ಹೂಂ ಹೂಂ ಎನ್ನುತ್ತಾ ನಿಲ್ಲುತ್ತಿದ್ದ.

"ಅತ್ತೆ ಏನಂದ್ರು?" ಎಂದು ಯುಫ್ರಾಸಿಯ ಮೊದಲ ದಿನ ಕೇಳಿದಾಗ ಅವನ ಬಾಯಿಂದ ಹೇಗೋ ಬಂದುಬಿಟ್ಟಿತು: "ನಿನ್ನ ಮೊಣಕಾಲು ನೋವು ಹೇಗಿದೆ ಅಂತ ಕೇಳಿದ್ಲು."

ಯುಫ್ರಾಸಿಯಳ ಕೈಯ ಸೂಜಿ ನಿಂತಿತು.

ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅತ್ತೆ ಪಸ್ಕಾಲಿಯಾ ಅವಳನ್ನು ಒಂದು ಸಲವೂ ವಿಚಾರಿಸಿದವಳಲ್ಲ. ಮದುವೆಯ ದಿನ ಹೆಣ್ಣಿನ ಕಡೆಯವರು ತಂದ ಕೋಳಿ ಬಡಕಲಾಗಿತ್ತು ಎಂಬ ಮಾತು ಇನ್ನೂ ಬಿಸಿಯಾಗಿಯೇ ಇತ್ತು.

"ನನ್ನ ಮೊಣಕಾಲಾ? ಅವರು ಕೇಳಿದ್ರಾ? ನನ್ನನ್ನಾ?"

"ಇನ್ಯಾರನ್ನ ಕೇಳ್ತಾಳೆ? ಬೆಚ್ಚಗಿಟ್ಕೋ ಅಂದ್ಲು."

ಅವಳು ಸೆರಗಿನಂತೆ ಹೊದ್ದಿದ್ದ ಕಂಗಾ ಬಟ್ಟೆಯ ತುದಿಯಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಜಗುಲಿಗೆಲ್ಲ ಸಾರಿದಳು. ತರಕಾರಿಯವಳಿಗೆ, ಮಂದಾಸಿ ಬನ್ನು ಕರಿಯುವವಳಿಗೆ, ಎಲ್ಲರಿಗೂ. ಮಾರನೆಯ ದಿನ ಸುಳ್ಳು ಇನ್ನೊಂದು ಮೊಳ ಬೆಳೆಯಿತು: ಅತ್ತೆ ಮೊಣಕಾಲಿಗೆ ಯಾವುದೋ ಎಲೆಯ ಪಟ್ಟು ಹೇಳಿದಳು. ಅದರ ಮಾರನೆಯ ದಿನ, ಸೊಸೆಯ ಕೈಯ ಹುರುಳಿಸಾರು ತಿನ್ನಬೇಕು ಎಂದಳು. ಸುಳ್ಳಿನ ಅತ್ತೆ ನಿಜದ ಅತ್ತೆಗಿಂತ ತುಂಬ ಒಳ್ಳೆಯವಳಾಗಿದ್ದಳು. "ಆ ಕೋಳಿ ವಿಷಯ ನಾನು ಮರೆತಿದ್ದೀನಿ ಅಂತ ಹೇಳಿ ಅವರಿಗೆ" ಎಂದಳು ಯುಫ್ರಾಸಿಯ. "ಹೇಳಿದೆ" ಎಂದ ಇವನು, ಮೂಕ ಫೋನನ್ನು ಸವರುತ್ತ.

ಎರಡನೆಯ ವಾರ ಓಸ್ಮುಂಡ್ ಚಪ್ಪಲಿಯ ಅಟ್ಟೆಗೆ ಮೊಳೆ ಹೊಡೆಯುತ್ತ ತಲೆ ಎತ್ತದೆ ಹೇಳಿದ: "ನಿನ್ನತ್ತೆ ನನ್ನ ಫೋನಿಗೆ ಕರೆ ಮಾಡಿದ್ಲು ಕಣೋ. ನೀನು ಎತ್ತಲ್ವಂತೆ. ಎದೆ ಭಾರ ಅಂತಿದ್ಲು. ಹೋಗಿ ನೋಡ್ಕೊಂಡು ಬಾ."

ವಿಟಾಲಿಸನ ಹೊಲಿಗೆ ಗೆರೆ ತಪ್ಪಿತು. ಆದರೆ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. "ನನಗೇ ಹೇಳಿದ್ಲಲ್ಲ, ಬರೀ ನೆಗಡಿ ಅಂತ! ಇವತ್ತು ಬೆಳಿಗ್ಗೆ ಎರಡು ನಿಮಿಷ ಮಾತಾಡಿದಾಳೆ. ನೀನು ಯಾವಾಗ ಡಾಕ್ಟರಾದೆ, ಮೋಚಿ?"

"ಬರೀ ನೆಗಡಿನಾ?"

"ಬರೀ ನೆಗಡಿ."

ಭಾನುವಾರ ಹೋಗಿಬರೋಣ ಎಂದು ಮನಸ್ಸಿನಲ್ಲೇ ಅಂದುಕೊಂಡ. ಭಾನುವಾರ ಸಿಸ್ಟರ್ ನಿಲುವಂಗಿ ಒಯ್ಯಲು ಬಂದರು, ಹೋಗಲಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಓಸ್ಮುಂಡ್ ಬಂದ. ಅಂಗಡಿ ತೆರೆಯಲಿಲ್ಲ. ಟೋಪಿ ಕೈಯಲ್ಲಿತ್ತು. ಕಣ್ಣು ಕೆಂಪಗಿತ್ತು.

"ವಿಟಾಲಿಸ್, ಅತ್ತೆ ತೀರಿಕೊಂಡ್ಲು."

ವಿಟಾಲಿಸ್ ಯಂತ್ರ ನಿಲ್ಲಿಸದೆ ಕೇಳಿದ: "ಹೌದಾ? ಪಾಪ. ಈ ತಿಂಗಳು ಅವಳ ಸರದಿಯಾ?"

"ತಮಾಷೆ ಅಲ್ಲ ಕಣೋ. ಇವತ್ತು ಬೆಳಗಿನ ಜಾವ ನಾಲ್ಕಕ್ಕೆ. ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಗಿ ನನ್ನ ಫೋನಿಗೆ ಮಾಡಿದ್ರು. ನಾಳೆ ಮಧ್ಯಾಹ್ನ ಮಣ್ಣು. ಮೊದಲ ಹಿಡಿ ಮಣ್ಣು ನೀನೇ ಹಾಕಬೇಕು, ಎದ್ದೇಳು."

"ನಾಲ್ಕಕ್ಕೆ? ಏಳಕ್ಕೆ ನನ್ನ ಹತ್ರ ಮಾತಾಡಿದಾಳಲ್ಲೋ! ಕೇಳು ಇವಳನ್ನ!"

"ಹೌದಪ್ಪ" ಎಂದಳು ಯುಫ್ರಾಸಿಯ ನಗುತ್ತ. "ನನ್ನ ಮೊಣಕಾಲಿಗೆ ಎಣ್ಣೆ ಹಚ್ಚಿದ್ಯಾ ಅಂತ ಕೇಳಿದಾರೆ."

ಓಸ್ಮುಂಡ್ ಒಂದು ಕ್ಷಣ ಅವಳನ್ನು ನೋಡಿದ, ಇವನನ್ನು ನೋಡಿದ. ಅವನಿಗೇ ಸಂಶಯ ಬಂದಂತಿತ್ತು. "ಏಳಕ್ಕೆ ಮಾತಾಡಿದ್ಲಾ?" ಎಂದು ಮೆಲ್ಲಗೆ ಕೇಳಿದ.

"ಸತ್ತ ಮೇಲೂ ಅವಳು ಸುಮ್ನಿರ್ತಾಳಾ ಮತ್ತೆ? ಪರಲೋಕದಿಂದಲೂ ನನ್ನ ಹೊಟ್ಟೆ ವಿಚಾರಿಸ್ತಾಳೆ!" ವಿಟಾಲಿಸ್ ತೊಡೆ ತಟ್ಟಿಕೊಂಡು ನಕ್ಕ. ತನ್ನ ಸುಳ್ಳು ಇಷ್ಟು ಚೆನ್ನಾಗಿ ಕೆಲಸಕ್ಕೆ ಬಂದದ್ದು ಕಂಡು ಅವನಿಗೆ ಖುಷಿಯೇ ಆಯಿತು. ಅದು ಸುಳ್ಳು ಎನ್ನುವುದೇ ಆ ಹೊತ್ತಿಗೆ ಅವನಿಗೆ ಮರೆತಿತ್ತು.

ಓಸ್ಮುಂಡ್ ಆಣೆ ಇಟ್ಟ. ಕಳೆದ ಈಸ್ಟರಿನಲ್ಲೂ ಇಟ್ಟಿದ್ದ. ಕಂಬಕ್ಕೆ ಒರಗಿ ಅತ್ತ. ಆಗಲೂ ಅತ್ತಿದ್ದ.

"ಈ ಸಲ ಕಣ್ಣೀರು ಜೋರಾಗಿದೆ. ಈರುಳ್ಳಿ ಹಚ್ಕೊಂಡ್ಯಾ?" ಎಂದ ವಿಟಾಲಿಸ್.

ಓಸ್ಮುಂಡ್ ಟೋಪಿ ಹಾಕಿಕೊಂಡ. "ನಾನು ಗುಂಡಿ ತೋಡೋಕೆ ಹೋಗ್ತಿದೀನಿ. ಬಸ್ಸು ಹೊರಡುತ್ತೆ" ಎಂದು ಇಳಿದು ಹೋದ. ಅವನ ಬೆನ್ನಿಗೆ ವಿಟಾಲಿಸ್ ಕೂಗಿ ಹೇಳಿದ: "ಆಳವಾಗಿ ತೋಡು! ನೀನೂ ಹಿಡಿಸಬೇಕು!"

ಆ ದಿನ ಜಗುಲಿಯಲ್ಲಿ ಯಾರೂ ಅವನಿಗೆ ನಾಯಿ ತಿನ್ನುವವನೇ ಎನ್ನಲಿಲ್ಲ. ಸಂಜೆಯ ಹೊತ್ತಿಗೆ ವಿಟಾಲಿಸನಿಗೆ ಏನೋ ಊಟ ಬಿಟ್ಟಂತಾಯಿತು. ಬುಧವಾರವೂ ಓಸ್ಮುಂಡನ ಅಂಗಡಿಯ ಬಾಗಿಲು ಮುಚ್ಚಿತ್ತು. ಹರಿದ ಶೂ ಹಿಡಿದು ಬಂದ ಗಿರಾಕಿಗಳು ಬಾಗಿಲು ತಟ್ಟಿ ಹೋದರು. ವಿಟಾಲಿಸ್ ಒಂದು ಪ್ಯಾಂಟಿನ ಹೊಲಿಗೆಯನ್ನು ಮೂರು ಸಲ ಬಿಚ್ಚಿದ. ಹತ್ತು ಗಂಟೆಗೆ ಯುಫ್ರಾಸಿಯ ಗುಂಡಿ ಹೊಲಿಯುವುದನ್ನು ನಿಲ್ಲಿಸಿ ಆ ಬಾಗಿಲನ್ನೇ ನೋಡುತ್ತ ಹೇಳಿದಳು:

"ತಮಾಷೆಗೆ ಅಂತ ಯಾರಾದ್ರೂ ಎರಡು ದಿನ ಅಂಗಡಿ ಮುಚ್ತಾರಾ?"

ಯಂತ್ರದ ಚಕ್ರ ತಾನಾಗಿಯೇ ಎರಡು ಸುತ್ತು ತಿರುಗಿ ನಿಂತಿತು. ವಿಟಾಲಿಸ್ ಎದ್ದ. ಟೇಪು ಕೊರಳಲ್ಲಿದ್ದಂತೆಯೇ ಬಸ್ಸು ನಿಲ್ದಾಣಕ್ಕೆ ಓಡಿದ. ಹೆಂಡತಿ ನೋವಿನ ಮೊಣಕಾಲನ್ನು ಎಳೆದುಕೊಂಡು ಹಿಂದೆ ಓಡಿದಳು.

ಬಸ್ಸು ಬೆಟ್ಟ ಹತ್ತುತ್ತಿತ್ತು. ಜೂನ್ ತಿಂಗಳ ಚಳಿಗೆ ಕಿಟಕಿಗಳೆಲ್ಲ ಮಂಜು. ಯುಫ್ರಾಸಿಯ ಮಣಿಸರ ಎಣಿಸುತ್ತ ಹೇಳಿದಳು: "ಏನೂ ಆಗಿರಲ್ಲ ಬಿಡಿ. ನಿನ್ನೆ ಬೆಳಿಗ್ಗೆ ಮಾತಾಡಿದಾರಲ್ಲ."

"ಮಾತಾಡಿಲ್ಲ."

"ಏನು?"

"ಬೆರಳು ಸುಟ್ಟಿತ್ತು. ಹನ್ನೆರಡು ದಿನದಿಂದ ಬೀಗ ತೆಗೆದಿಲ್ಲ. ಒಂದು ಮಾತೂ ಕೇಳಿಲ್ಲ ನಾನು."

ಬಸ್ಸು ಎರಡು ತಿರುವು ಹತ್ತಿತು.

"ಹಾಗಾದ್ರೆ ನನ್ನ ಮೊಣಕಾಲು ಕೇಳಿದ್ದು ಯಾರು?"

"ನಾನೇ."

ಅವಳು ಬೈಯುತ್ತಾಳೆ ಎಂದು ಕಾದ. ಬೈಯಲಿಲ್ಲ. ಕಂಗಾವನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆಗೆ ತಿರುಗಿದಳು. ಗಾಜಿಗೆ ಹೇಳುವಂತೆ ಹೇಳಿದಳು: "ಇನ್ನೂ ಸ್ವಲ್ಪ ದಿನ ಸುಳ್ಳು ಹೇಳಬಾರದಿತ್ತಾ?"

ಕಿಪೆಂಬೆ ಮುಟ್ಟಿದಾಗ ಮೂರೂವರೆ. ಅತ್ತೆಯ ಮನೆಯ ಹಿಂದೆ ಹಸಿ ಮಣ್ಣಿನ ದಿಬ್ಬ ಎದ್ದಿತ್ತು, ಅದರ ಮೇಲೆ ಮರದ ಶಿಲುಬೆ. ಗುದ್ದಲಿಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಜನ ಗುಂಪುಗುಂಪಾಗಿ ಕೂತು ಬಿದಿರಿನ ಹೆಂಡ ಹಂಚಿಕೊಳ್ಳುತ್ತಿದ್ದರು. ದಿಬ್ಬದ ಪಕ್ಕದಲ್ಲಿ ಅತ್ತೆ ಪಸ್ಕಾಲಿಯಾ ನಿಂತಿದ್ದಳು! ಅದೇ ನೀಲಿ ಹೂವಿನ ಗೌನು, ಅದೇ ತಲೆವಸ್ತ್ರ, ಅದೇ ಊರುಗೋಲು. ವಿಟಾಲಿಸ್ ಶಿಲುಬೆಯ ಗುರುತು ಹಾಕಿಕೊಂಡ. ಮುಖ ನೋಡಿದರೆ ಓಸ್ಮುಂಡ್.

ಮ್ತಾನಿ ತನ್ನ ಕೆಲಸ ಮಾಡುತ್ತಿದ್ದ. ಆದರೆ ಯಾರೂ ನಗುತ್ತಿರಲಿಲ್ಲ. ಮಗನ ಸಮಾನನಾದವನೇ ಬಾರದ ಸಾವಿನಲ್ಲಿ ಯಾರಿಗೆ ನಗು ಬರುತ್ತದೆ? ಓಸ್ಮುಂಡ್ ಊರುಗೋಲನ್ನು ನೆಲಕ್ಕೆ ಕುಟ್ಟಿ, ಥೇಟ್ ಅತ್ತೆಯ ದನಿಯಲ್ಲಿ ಕೂಗಿದ:

"ಬಂದ್ಯಾ ಮಗಾ? ಹೊಟ್ಟೆ ಸಲೀಸಾಗಿ ಹೋಯ್ತಾ? ಅದಕ್ಕೇ ತಡವಾಯ್ತಾ?"

ವಿಟಾಲಿಸ್ ದಿಬ್ಬದ ಪಕ್ಕ ಕುಸಿದು ಕೂತ. ಒಂದು ಹಿಡಿ ಮಣ್ಣು ತೆಗೆದುಕೊಂಡು ದಿಬ್ಬದ ಮೇಲೆ ಹಾಕಿದ. ಎಲ್ಲರೂ ಹಾಕಿ ಮುಗಿದ ಮೇಲೆ ಬಿದ್ದ ಆ ಹಿಡಿ ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ. ಅವನು ಗಟ್ಟಿಯಾಗಿ ಅತ್ತ. ನಾಚಿಕೆಯಾಗಲಿಲ್ಲ.

ಓಸ್ಮುಂಡ್ ಬಗ್ಗಿ ಅವನ ಜೇಬಿನಿಂದ ಫೋನನ್ನು ಎತ್ತಿಕೊಂಡ. ಇಲ್ಲಿ ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಬಲಗೈ ಹಿಡಿದು ಬಟ್ಟೆ ಬಿಚ್ಚಿದ. ಗುಳ್ಳೆ ಒಣಗಿ, ಸಿಪ್ಪೆ ಎದ್ದು, ಕೆಳಗೆ ಹೊಸ ಚರ್ಮ ಬಂದಿತ್ತು. ಯುಫ್ರಾಸಿಯ ಆ ಬೆರಳಿನ ಮಣ್ಣನ್ನು ಕಂಗಾದ ತುದಿಯಿಂದ ಒರೆಸಿದಳು. ಓಸ್ಮುಂಡ್ ಅದನ್ನು ಫೋನಿಗೆ ಒತ್ತಿದ. ಗುರ್ ಎಂದಿತು. ಇನ್ನೊಮ್ಮೆ ಒತ್ತಿದ. ಬೀಗ ತೆರೆಯಿತು.

ಒಂಬತ್ತು ಸಂದೇಶಗಳು. ದಿನಕ್ಕೊಂದರಂತೆ, ಕೊನೆಯ ಮೂರು ದಿನ ಒಂದೂ ಇಲ್ಲ. ಓಸ್ಮುಂಡ್ ದನಿ ಪೂರ್ತಿ ಏರಿಸಿ ದಿಬ್ಬದ ಮೇಲಿಟ್ಟ.

"ಉಕೊಕೊ, ಪಪ್ಪಾಯಿ ತಿಂದ್ಯಾ?... ಯಾಕೆ, ಇವತ್ತೂ ಯಾರೂ ನಗಲಿಲ್ಲ? ನಗು ಕಳಿಸು."

"ಉಕೊಕೊ, ವಾರ ಆಯ್ತು, ನಗು ಬಂದಿಲ್ಲ. ನಾನು ಹೇಳಿದ್ದು ಚೆನ್ನಾಗಿರ್ಲಿಲ್ವಾ? ಇಲ್ಲಿ ಈ ಬೆಟ್ಟದ ಮೇಲೆ ನಗೋರು ಯಾರಿದಾರೆ ಮಗಾ? ಬೆಳಿಗ್ಗೆ ನಿಮ್ಮ ಜಗುಲಿ ನಗು ಕೇಳಿಸ್ಕೊಂಡೇ ನಾನು ಗಂಜಿ ಕುಡಿಯೋದು."

ಏಳನೆಯದು, ಎಂಟನೆಯದು. ಪ್ರತಿ ದಿನವೂ ದನಿ ಸಣ್ಣದಾಗುತ್ತಿತ್ತು. ಯುಫ್ರಾಸಿಯ ಕಿವಿಯನ್ನು ಮುಂದೆ ಚಾಚಿ ಒಂದೊಂದು ಮಾತನ್ನೂ ಕೇಳಿದಳು. ಒಂಬತ್ತನೆಯದು ಶುರುವಾಯಿತು.

"ಉಕೊಕೊ, ನೀನು ಬೀಗ ಹಾಕಿದ್ದೀಯಂತೆ. ಓಸ್ಮುಂಡ ಹೇಳಿದ. ಒಳ್ಳೇದು, ದೊಡ್ಡ ಮನುಷ್ಯ ನೀನು. ನಾನೂ ಹಾಕಿಸಿದೆ, ಪಕ್ಕದ ಮನೆ ಟೀಚರಮ್ಮನ ಹತ್ರ. ನನ್ನ ಬೀಗಕ್ಕೆ ಕೀಲಿ ನಿನ್ನ ಹೆಸರೇ, ನಾನಿಟ್ಟ ಹೆಸರು. ಎದೆ ಭಾರ ಕಣೋ. ಬಂದು ಹೋಗು. ಬರದಿದ್ರೆ ನಾನು ಸತ್ತೆ ಅಂತ ಓಸ್ಮುಂಡನ ಹತ್ರ ಹೇಳಿ ಕಳಿಸ್ತೀನಿ. ಆಗಲಾದ್ರೂ ಬರ್ತೀಯೋ ನೋಡ್ತೀನಿ."

ಫೋನು ಸುಮ್ಮನಾಯಿತು. ಎಲ್ಲರೂ ವಿಟಾಲಿಸನನ್ನೇ ನೋಡುತ್ತಿದ್ದರು.

"ನಾನು ಬಂದು ಹೇಳಿದೆ" ಎಂದ ಓಸ್ಮುಂಡ್, ತನ್ನ ದನಿಯಲ್ಲಿ.

"ಒಂಬತ್ತರಲ್ಲೂ ನನ್ನ ಮೊಣಕಾಲಿನ ಮಾತು ಬರಲೇ ಇಲ್ಲ" ಎಂದಳು ಯುಫ್ರಾಸಿಯ, ಮೆಲ್ಲಗೆ, ಯಾರಿಗೂ ಅಲ್ಲ.

ಓಸ್ಮುಂಡ್ ಎರಡು ಸಲ ಮೂಗು ಒರೆಸಿಕೊಂಡ. ಆಮೇಲೆ ಗೌನಿನ ಜೇಬಿಗೆ ಕೈ ಹಾಕಿ ಅತ್ತೆಯ ಫೋನನ್ನು ಹೊರಗೆ ತೆಗೆದ. ಅಂಚು ಒಡೆದ, ರಬ್ಬರ್ ಬ್ಯಾಂಡ್ ಸುತ್ತಿದ ಸಣ್ಣ ಫೋನು. ಅದನ್ನು ಎಡಗೈಯಲ್ಲಿ, ವಿಟಾಲಿಸನ ಫೋನನ್ನು ಬಲಗೈಯಲ್ಲಿ ಹಿಡಿದು, ಮತ್ತೆ ಅತ್ತೆಯಾಗಿ ಸೊಂಟ ಬಾಗಿಸಿ ನಿಂತ.

"ನನ್ನ ಫೋನೂ ಬೀಗ ಹಾಕಿದೆ ಮಗಾ. ಬರೆಯೋಕೆ ಕಣ್ಣು ಕಾಣಲ್ಲ. ದನಿಯಲ್ಲಿ ಹೇಳಿದ್ರೆ ಸಾಕಂತೆ. ಹೆಸರು ಹೇಳು."

ಇಡೀ ಹಳ್ಳಿ ಕೇಳುತ್ತಿತ್ತು. ಪಾದ್ರಿಗಳೂ ಇದ್ದರು. ಈ ಒಂದು ಹೆಸರನ್ನು ಮುಚ್ಚಿಡಲು ಅವನು ಬೆಳಕಿಗೂ ಬೀಗ ಹಾಕಿದ್ದ.

"ಉಕೊಕೊ" ಎಂದ ವಿಟಾಲಿಸ್, ನೆಲ ನೋಡುತ್ತ.

ಓಸ್ಮುಂಡ್ ಫೋನನ್ನು ಇಣುಕಿ ನೋಡಿ ತಲೆ ಅಲ್ಲಾಡಿಸಿದ. "ತಪ್ಪು ಅಂತಿದೆ. ಮುದುಕಿ ಫೋನು, ಕಿವಿ ಮಂದ. ಜೋರಾಗಿ."

"ಉಕೊಕೊ!"

"ಊಹೂಂ. ಪಾತ್ರೆಯೊಳಗಿಂದ ಕೂಗಿದ ಹಾಗಿದೆ. ತಲೆ ಹೊರಗೆ ತೆಗೆದು ಹೇಳೋ!"

ವಿಟಾಲಿಸ್ ಎದ್ದು ನಿಂತ. ಎದೆ ತುಂಬ ಉಸಿರೆಳೆದುಕೊಂಡು, ಕಣ್ಣು ಮುಚ್ಚಿ, ಆಚೆ ಬೆಟ್ಟಕ್ಕೂ ಕೇಳುವಂತೆ ಕೂಗಿದ: "ನಾನು ಉಕೊಕೊ! ಪಸ್ಕಾಲಿಯಾಳ ಉಕೊಕೊ!"

ಮೊದಲು ಒಬ್ಬಳು ಮುದುಕಿ ಕಿಸಕ್ಕೆಂದಳು, ಆ ಪಾತ್ರೆಯ ಮೆರವಣಿಗೆಯನ್ನು ಕಣ್ಣಾರೆ ಕಂಡವಳಿರಬೇಕು. ಅವಳ ಪಕ್ಕದವಳು ಹೆಂಡದ ಲೋಟ ಕೆಳಗಿಟ್ಟು ನಕ್ಕಳು. ಪಾದ್ರಿಗಳು ಆ ಕಡೆ ತಿರುಗಿದರು, ಆದರೆ ಭುಜ ಕುಣಿಯುತ್ತಿತ್ತು. ನಗು ಅಂಗಳದಿಂದ ಅಂಗಳಕ್ಕೆ ಹಬ್ಬಿತು. ಯುಫ್ರಾಸಿಯ ಅಳುತ್ತಲೇ ನಗುತ್ತಿದ್ದಳು.

ಅವರೆಲ್ಲ ನಕ್ಕು ಮುಗಿಸುವವರೆಗೆ ಓಸ್ಮುಂಡ್ ಅಲುಗಾಡದೆ ನಿಂತಿದ್ದ. ವಿಟಾಲಿಸ್ ಕಣ್ಣು ಒರೆಸಿಕೊಂಡು ಅತ್ತೆಯ ಫೋನನ್ನು ನೋಡಿದ. ಅದು ತೆರೆದೇ ಇತ್ತು.

"ಯಾವಾಗ ತೆಗೀತೋ ಇದು?"

"ಮೊದಲನೇ ಸಲಕ್ಕೇ" ಎಂದ ಓಸ್ಮುಂಡ್. "ಒಂದೇ ಸಲ ಹೇಳಿದ್ರೆ ಇವರು ನಗ್ತಿದ್ರೇನೋ, ನಾಯಿ ತಿನ್ನೋನೇ?"

ಅವನ ಬಲಗೈಯ ಹೆಬ್ಬೆರಳು ವಿಟಾಲಿಸನ ಫೋನಿನ ರೆಕಾರ್ಡಿನ ಗುರುತಿನ ಮೇಲೆ ಒತ್ತಿಯೇ ಇತ್ತು. ಈಗ ಅದನ್ನು ಎತ್ತಿದ. ಮರುಕ್ಷಣ ಅವನ ಎಡಗೈಯಲ್ಲಿದ್ದ ಅತ್ತೆಯ ಫೋನು ಟಿಣ್ ಎಂದಿತು.